ಕಾಕಾ ಸಹಿ ಹಾಕದ ಸ್ಟ್ಯಾಂಡು

ಯಾರ ಮನೆಗೆ ಹೋದರೂ ಅವರು ಕುರ್ಚಿಯನ್ನು ಒಮ್ಮೆ ಅಲುಗಾಡಿಸಿ ನೋಡಿಯೇ ಕೂರುತ್ತಿದ್ದರು. ಬೆನ್ನ ಪಟ್ಟಿ ಹಿಡಿದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಜಗ್ಗಿ, ಆಮೇಲೆ ಬಗ್ಗಿ ಕಾಲುಗಳ ಬುಡ ನೋಡುವುದು. ಮನೆಯವರು ಮುಖ ಸಿಂಡರಿಸಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಮ್ಮ ಮನೆಗೆ ಮೊದಲ ಸಲ ಬಂದಾಗ ನಾಲ್ಕು ಕುರ್ಚಿಗಳನ್ನೂ ತಿರಸ್ಕರಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚಹಾ ಕುಡಿದರು.

ಈ ಮಾರ್ಚಿನಲ್ಲಿ ಅವರು ತೀರಿಕೊಂಡರು. ನನ್ನ ಮಗಳು ಸಿರಿ ಅವರನ್ನು ಮೊದಲ ದಿನ ಅಂಕಲ್ ಎಂದು ಕರೆದಾಗ, "ಅಂಕಲ್ ಅಂದ್ರ ಬ್ಯಾಂಕಿನ್ಯಾಗ ಟೈ ಕಟ್ಟಿ ಕುಂತಾವ್ರು. ನನಗ ಕಾಕಾ ಅನ್ನು" ಎಂದಿದ್ದರು. ನಾನೂ ಇಲ್ಲಿ ಕಾಕಾ ಎಂದೇ ಬರೆಯುತ್ತೇನೆ. ಹೆಸರು ಹಾಕಿದರೆ ಅವರ ಹೆಂಡತಿಗೆ ಇಷ್ಟವಾಗಲಾರದು.

ನಾನು ಲಂಡನ್ನಿನ ಹೇಸ್‌ನಲ್ಲಿ ಒಂದು ಜಿಪಿ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನ್ ಮೇಜಿನಲ್ಲಿ ಕೂರುವವಳು. ಮೂಲ ಮೈಸೂರು. ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಕಡ್ಡಿಯಂತಿದ್ದ ಒಬ್ಬರು ಹೆಬ್ಬೆರಳಿಗೆ ಕರ್ಚೀಫು ಸುತ್ತಿಕೊಂಡು ಬಂದು ಹೊಸ ಪೇಷೆಂಟ್ ಫಾರಂ ಕೇಳಿದರು. ಕೈ ಆಡದ್ದರಿಂದ ನಾನೇ ತುಂಬಿಸಲು ಕೂತೆ. ಉದ್ಯೋಗ ಏನು ಎಂದು ಇಂಗ್ಲಿಷಿನಲ್ಲಿ ಕೇಳಿದೆ. "ಡಿಪೆಂಡೆಂಟ್" ಎಂದರು. ಅದು ಉದ್ಯೋಗವಲ್ಲ, ಏನು ಕೆಲಸ ಮಾಡುತ್ತೀರಿ ಎಂದೆ. ಮತ್ತೆ, ಇನ್ನೂ ಸ್ವಲ್ಪ ಮೆಲ್ಲಗೆ, "ಡಿಪೆಂಡೆಂಟ್" ಎಂದರು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಅವರ ವೀಸಾದ ಮೇಲೆ ಇವರು ಬಂದವರು, ವೀಸಾ ಕಾಗದದಲ್ಲಿ ಇವರಿಗೆ ಇದ್ದ ಪದ ಅದೊಂದೇ. ಹುಟ್ಟಿದ ಊರಿನ ಜಾಗದಲ್ಲಿ ಹುಬ್ಬಳ್ಳಿ ಎಂದಾಗ ನಾನು ಪೆನ್ನು ಕೆಳಗಿಟ್ಟು ಕನ್ನಡದಲ್ಲಿ ಮಾತಾಡಿದೆ.

"ಅಯ್ಯ, ಕನ್ನಡದಾವ್ರೇನ್ರಿ ಅಕ್ಕಾರ! ಮೊದಲಽ ಹೇಳಬಾರದೇನ್ರಿ, ಇಂಗ್ಲಿಷ್ ಮಾತಾಡಿ ಮಾತಾಡಿ ಹೆಬ್ಬಟ್ಟಿಗಿಂತ ಬಾಯಿನೇ ಹೆಚ್ಚ ನೋಯಾಕ ಹತ್ತಿತ್ತು."

ಹುಬ್ಬಳ್ಳಿಯಲ್ಲಿ ಅವರು ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವರು. ಕಬ್ಬು ಹೇರಿಕೊಂಡು ಹಳ್ಳದ ರಸ್ತೆಯಲ್ಲಿ ಹೋಗುವ ಟ್ರೇಲರ್ ಎಲ್ಲಿ ಮುರಿಯುತ್ತದೆ ಎಂದು ಅವರಿಗೆ ಮುರಿಯುವ ಮೊದಲೇ ಗೊತ್ತಾಗುತ್ತಿತ್ತಂತೆ. ಬೆಸುಗೆಯ ಮೇಲೆ ಕಿರುಬೆರಳಿನ ಉಗುರು ಎಳೆದುಕೊಂಡು ಹೋಗುವರು, ಎಲ್ಲಿಯಾದರೂ ಉಗುರು ಸಿಕ್ಕಿಕೊಂಡರೆ ಅಲ್ಲಿ ಸೀಮೆಸುಣ್ಣದ ಗುರುತು. ಲಂಡನ್ನಿನಲ್ಲಿ ಆ ಕೆಲಸಕ್ಕೆ ಇಲ್ಲಿಯ ಸರ್ಟಿಫಿಕೇಟು ಬೇಕು, ಇಂಗ್ಲಿಷು ಬೇಕು. ಆರು ತಿಂಗಳು ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದು, ಕೊನೆಗೆ ಏಜೆನ್ಸಿಯ ಮೂಲಕ ಹೇಸ್‌ನ ಒಂದು ಗೋದಾಮಿಗೆ ಸೇರಿದರು. ಮನೆಯಲ್ಲಿಟ್ಟುಕೊಳ್ಳುವ ಜಿಮ್ ಸಾಮಾನನ್ನು ಆನ್‌ಲೈನಿನಲ್ಲಿ ಮಾರುವ ಕಂಪನಿಯದು. ಗಿರಾಕಿಗಳು ವಾಪಸು ಕಳಿಸಿದ್ದನ್ನು ಬಿಚ್ಚಿ ನೋಡಿ, ಚೆನ್ನಾಗಿದ್ದರೆ ಹಸಿರು ಚೀಟಿ ಕಟ್ಟಿ ಸಹಿ ಹಾಕಿ ಮರುಮಾರಾಟಕ್ಕೆ, ಕೆಟ್ಟಿದ್ದರೆ ಕೆಂಪು ಚೀಟಿ ಕಟ್ಟಿ ಗುಜರಿಗೆ ಕಳಿಸುವುದು ಕಾಕಾರ ಕೆಲಸ. ಹೆಬ್ಬೆರಳು ಜಜ್ಜಿಕೊಂಡದ್ದು ಅಲ್ಲಿಯೇ.

ಜೀವನದಲ್ಲಿ ಒಂದು ದಿನವೂ ಕಸರತ್ತು ಮಾಡದ ಮನುಷ್ಯ ಹೀಗೆ ಕಸರತ್ತಿನ ಸಾಮಾನಿನ ಪಂಡಿತರಾದರು. ಫೆಬ್ರವರಿ ಬಂತೆಂದರೆ ಗೋದಾಮಿನಲ್ಲಿ ಟ್ರೆಡ್‌ಮಿಲ್‌ಗಳ ಗುಡ್ಡೆ ಎನ್ನುತ್ತಿದ್ದರು. ಹೊಸ ವರ್ಷದ ಉತ್ಸಾಹದಲ್ಲಿ ಕೊಂಡವರು ಒಂದೇ ತಿಂಗಳಲ್ಲಿ ಹಿಂದಕ್ಕೆ ಕಳಿಸಿದ್ದು. ಹಿಡಿಕೆಗಳ ಮೇಲೆ ಬಟ್ಟೆಯ ಹ್ಯಾಂಗರ್ ತೂಗುಹಾಕಿದ ಗೀರುಗಳು ಇರುತ್ತಿದ್ದವಂತೆ. ಈ ವಿದ್ಯೆಯನ್ನು ಎಲ್ಲಿ ಹೇಳಬೇಕು, ಎಲ್ಲಿ ಬಿಡಬೇಕು ಎಂಬುದು ಮಾತ್ರ ಅವರಿಗೆ ತಿಳಿಯದು. ಸಟನ್‌ನಲ್ಲಿ ಒಬ್ಬ ಡಾಕ್ಟರ ಮನೆಯಲ್ಲಿ ಯುಗಾದಿ ಊಟ. ಡಾಕ್ಟರು ಧಾರವಾಡದವರು, ಅದೇ ಸಲಿಗೆಯಲ್ಲಿ ಕಾಕಾರನ್ನು ಮೇಲಿನ ಕೋಣೆಗೆ ಕರೆದುಕೊಂಡು ಹೋಗಿ ಹೊಸ ಟ್ರೆಡ್‌ಮಿಲ್ ತೋರಿಸಿ ಅಭಿಪ್ರಾಯ ಕೇಳಿದರು. ಹತ್ತು ಹನ್ನೆರಡು ಜನ ಸುತ್ತ ನಿಂತಿದ್ದರು. ಕಾಕಾ ಅದನ್ನು ಒಂದು ಕೈಯಿಂದ ಅಲ್ಲಾಡಿಸಿ, "ಸಾಹೇಬ್ರ, ಓಡಾಕ ಅಷ್ಟಕ್ಕಷ್ಟರಿ. ಅರಿವಿ ಒಣಗಸಾಕ ಛಲೋ ಐತಿ" ಎಂದರು. ಡಾಕ್ಟರು ದೀಪ ಆರಿಸಿ ಎಲ್ಲರನ್ನೂ ಊಟಕ್ಕೆ ಕರೆದರು. ಕೆಳಗೆ ಹೋಳಿಗೆ ಬಡಿಸುವಾಗ ಡಾಕ್ಟರ ಹೆಂಡತಿ ಕಾಕಾರ ಎಲೆಯನ್ನು ದಾಟಿ ಹೋದದ್ದನ್ನು ನಾನು ನೋಡಿದೆ. ಕಾಕಾರ ಹೆಂಡತಿಯೂ ನೋಡಿದರು. ಕಾಕಾ ನೋಡಲಿಲ್ಲ, ಹೋಳಿಗೆ ಬರುತ್ತದೆಂದು ಕಾಯುತ್ತಾ ಕೂತಿದ್ದರು.

ಸಿರಿಗೆ ಆಗ ಹದಿನಾರು. ಶಾಲೆಯಲ್ಲಿ ಯಾರೋ ಟೀಚರ್ ಅವಳನ್ನು ವೇಟ್‌ಲಿಫ್ಟಿಂಗ್ ಕ್ಲಬ್ಬಿಗೆ ಕಳಿಸಿ ಮೂರು ವರ್ಷವಾಗಿತ್ತು. ಗಿಡ್ಡ ಹುಡುಗಿ, ಅಜ್ಜಿಯ ಕಡೆಯ ಗಟ್ಟಿ ಮೈಕಟ್ಟು. ನಾವು ಅದನ್ನು ಹವ್ಯಾಸ ಎಂದುಕೊಂಡಿದ್ದೆವು. ಅವಳು ಹಾಗೆ ಅಂದುಕೊಂಡಿರಲಿಲ್ಲ. ತನ್ನ ವಯಸ್ಸಿನವರ ರಾಷ್ಟ್ರೀಯ ಸ್ಪರ್ಧೆಗೆ ಆಯ್ಕೆಯೂ ಆದಳು. ಅಷ್ಟರಲ್ಲಿ ಕ್ಲಬ್ಬು ನಡೆಯುತ್ತಿದ್ದ ಹಾಲ್‌ನ ಛಾವಣಿ ರಿಪೇರಿಗೆ ಬಂದು ಕೌನ್ಸಿಲ್‌ನವರು ಬೀಗ ಹಾಕಿದರು. ಸ್ಪರ್ಧೆಗೆ ಏಳು ತಿಂಗಳಿತ್ತು. ಅವಳ ಕೋಚ್ ಫೋನ್ ಮಾಡಿ, ಮನೆಯಲ್ಲಿಯೇ ಏನಾದರೂ ವ್ಯವಸ್ಥೆ ಮಾಡಿಕೊಡಿ, ವಾರಕ್ಕೊಮ್ಮೆ ನಾನು ಬಂದು ನೋಡುತ್ತೇನೆ ಎಂದರು.

ನನ್ನ ಗಂಡ ಒಂದು ರಾತ್ರಿಯಿಡೀ ಕಂಪ್ಯೂಟರ್ ಮುಂದೆ ಕೂತು ಒಂದು ಯಂತ್ರ ಆರಿಸಿದರು. ಎದೆ, ಬೆನ್ನು, ಕಾಲು, ತೋಳು ಎಲ್ಲವನ್ನೂ ಒಂದರಲ್ಲೇ ಮಾಡಬಹುದಂತೆ. ಚಿತ್ರವನ್ನು ಕಾಕಾರಿಗೆ ಕಳಿಸಿದೆ. ಮರುದಿನ ಕೆಲಸ ಮುಗಿಸಿ ನೇರ ನಮ್ಮ ಮನೆಗೇ ಬಂದರು.

"ಹನ್ನೆರಡು ಕೆಲಸ ಮಾಡತೀನಿ ಅಂತ ಹೇಳೂದು ಒಂದೂ ನೆಟ್ಟಗ ಮಾಡಂಗಿಲ್ರಿ ಅಕ್ಕಾರ. ಯಂತ್ರದ ಕಂಬಿನೇ ದಾರಿ ತೋರಿಸಿ ಎತ್ತಸಿದ್ರ ಹುಡುಗಿ ಕಲಿಯೂದರ ಏನು? ಒಂದು ಕಬ್ಬಿಣದ ಬಾರು, ಅದಕ್ಕ ಹಾಕೂ ಪ್ಲೇಟು, ಸ್ಟ್ಯಾಂಡು, ಬೆಂಚು. ನಾಕಽ ಸಾಮಾನು. ನೂರು ನಮೂನಿ ಕಸರತ್ತು ಅದರಾಗಽ ಅದಾವು. ಅದೆಲ್ಲಾ ಆಮೇಲೆ. ಮೊದಲ ನೆಲಾ ತೋರಸ್ರಿ."

ಸಿರಿಯ ಕೋಣೆಯಲ್ಲಿ ಹಿಮ್ಮಡಿಯಿಂದ ಎರಡು ಸಲ ಕುಟ್ಟಿ ತಲೆಯಾಡಿಸಿದರು. ಕೆಳಗಿನ ಹಜಾರದ ಮರದ ನೆಲವೂ ಬೇಡವೆಂದರು. ಹಿತ್ತಲಿನ ಆಚೆ ಓಣಿಗೆ ಬಾಗಿಲಿದ್ದ ಹಳೆಯ ಗ್ಯಾರೇಜಿನಲ್ಲಿ ನಾವು ಸೂಟ್‌ಕೇಸ್‌ಗಳನ್ನು ತುಂಬಿಟ್ಟಿದ್ದೆವು. ಅವನ್ನೆಲ್ಲ ಹೊರಗೆ ಹಾಕಿಸಿ ಕಾಂಕ್ರೀಟಿನ ಮೇಲೆ ಒಂದು ಬಕೆಟ್ ನೀರು ಸುರಿದು, ಅದು ಯಾವ ಕಡೆಗೆ ಓಡುತ್ತದೆ ಎಂದು ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಬಾಗಿಲ ಕಡೆಗೆ ವಾಟ ಇತ್ತು. ಮುಂದಿನ ಎರಡು ಭಾನುವಾರ ಪ್ಲೈವುಡ್ ಕೊಯ್ದು ಅದನ್ನು ಮಟ್ಟ ಮಾಡಿದರು. ಮೇಲೆ ಹಾಸಲು ತಂದದ್ದು ಕುದುರೆ ಲಾಯಕ್ಕೆ ಹಾಸುವ ದಪ್ಪ ರಬ್ಬರ್. ಜಿಮ್‌ಗೆಂದು ಮಾರುವ ರಬ್ಬರಿಗಿಂತ ಅದು ಗಟ್ಟಿಯಂತೆ. "ಕುದರಿ ಒದ್ದರ ತಡಕೊಂತೈತಿ, ನಮ್ಮ ಸಿರಿ ಒದ್ದರ ತಡಕೊಳ್ಳೂದಿಲ್ಲೇನು?" ಎಂದರು. ಸಿರಿ ನಕ್ಕಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್. ಕಾಕಾರ ಹುಬ್ಬಳ್ಳಿ ಮಾತು ನನಗಿಂತ ಅವಳಿಗೇ ಬೇಗ ಹತ್ತಿತು.

ಬಾರ್ ಆರಿಸಲು ಕ್ಲಬ್ಬೊಂದರ ಹಳೆ ಸಾಮಾನು ಮಾರುವಲ್ಲಿಗೆ ಅವಳನ್ನೇ ಕರೆದುಕೊಂಡು ಹೋದರು. ಐದು ಬಾರ್‌ಗಳನ್ನು ಒಂದೊಂದಾಗಿ ಸಮ ನೆಲದ ಮೇಲೆ ಉರುಳಿಸಿ, ಕುಣಿಯದೆ ಹೋಗುವುದು ಯಾವುದೆಂದು ನೋಡುವುದು. ಆಮೇಲೆ ಪ್ಲೇಟು ಹಾಕುವ ತುದಿಯನ್ನು ತಿರುಗಿಸಿ ಕಿವಿ ಹಚ್ಚಿ ಕೇಳುವುದು. ಸದ್ದಿಲ್ಲದೆ ಬಹಳ ಹೊತ್ತು ತಿರುಗಿದ್ದನ್ನು ಅವಳ ಕೈಗೆ ಕೊಟ್ಟರು. ಮನೆಗೆ ಬಂದು ಅವಳು, "ಹಿ ಲಿಸನ್ಡ್ ಟು ಇಟ್ ಲೈಕ್ ಎ ಡಾಕ್ಟರ್, ಅಮ್ಮ" ಎಂದಳು. ಬೆಂಚು ಎರಡು ಕಾಲಿನದು ಬೇಡ, ಮೂರರದು ಬೇಡ ಎಂದು ವಾರಗಟ್ಟಲೆ ಹುಡುಕಿ, ನಾಲ್ಕು ಕಾಲಿನದನ್ನು ತಂದರು.

ಉಳಿದದ್ದು ಸ್ಟ್ಯಾಂಡು. ಭಾರ ಹೇರಿದ ಬಾರನ್ನು ಅದರ ಮೇಲಿಟ್ಟು, ಭುಜಕ್ಕೆ ತೆಗೆದುಕೊಂಡು ಕೂತು ಏಳಬೇಕು. ಏಳಲಾಗದೆ ಬಿಟ್ಟರೆ ಬಾರು ಬಂದು ಬೀಳುವುದು ಸ್ಟ್ಯಾಂಡಿನಿಂದ ಮುಂದಕ್ಕೆ ಚಾಚಿದ ಎರಡು ತೋಳುಗಳ ಮೇಲೆ. ಆ ತೋಳುಗಳು ತಡೆಯದಿದ್ದರೆ ಕೆಳಗಿರುವುದು ಹುಡುಗಿ. ಹಾಗಾಗಿ ಕಾಕಾ ಇದರಲ್ಲಿ ಸ್ವಲ್ಪವೂ ರಾಜಿಯಾಗಲಿಲ್ಲ. ನಾನು ತೋರಿಸಿದ್ದಕ್ಕೆಲ್ಲ, "ಬ್ಯಾಡ್ರಿ. ತಡೀರಿ. ಛಲೋದು ಬರತೈತಿ" ಎನ್ನುವರು. ಒಂದು ತಿಂಗಳಾಯಿತು, ಎರಡಾಯಿತು. ಭಾರ ಹೊತ್ತು ಕೂತು ಏಳುವ ಸ್ಕ್ವಾಟ್ ಇಲ್ಲದೆ ಕಾಲಿನ ಬಲ ಇಳಿಯುತ್ತಿದೆ ಎಂದು ಕೋಚ್ ಎಚ್ಚರಿಸಿದರು. ಸಿರಿ ಊಟ ಅರ್ಧಕ್ಕೇ ಬಿಟ್ಟು ಮೇಜಿನಿಂದ ಎದ್ದು ಹೋಗತೊಡಗಿದಳು.

ನನಗೆ ತಾಳ್ಮೆ ಸಾಲಲಿಲ್ಲ. ನಾವು ಬಡವರೇನೂ ಅಲ್ಲ, ಅವರ ಹಟಕ್ಕೆ ನನ್ನ ಮಗಳ ಸ್ಪರ್ಧೆ ಏಕೆ ಹಾಳಾಗಬೇಕು ಎನಿಸಿತು. ಕಾಕಾರ ಕಂಪನಿಯದೇ ವೆಬ್‌ಸೈಟಿನಲ್ಲಿ, ವಾಪಸು ಬಂದು ಪರೀಕ್ಷೆಯಾದ ಸಾಮಾನಿನ ಪಟ್ಟಿಯಲ್ಲಿ ಒಂದು ದೊಡ್ಡ ಸ್ಟ್ಯಾಂಡು ಕಂಡಿತು. ಪರೀಕ್ಷೆ ಮಾಡುವವರು ಅವರೇ ತಾನೇ ಎಂದು ನನಗೆ ನಾನೇ ಹೇಳಿಕೊಂಡು, ಅವರಿಗೆ ತಿಳಿಸದೆ ತರಿಸಿದೆ. ಬಂದ ಸ್ಟ್ಯಾಂಡಿಗೆ ಹಸಿರು ಚೀಟಿ ಕಟ್ಟಿತ್ತು. ಸಹಿ ಯಾರದೆಂದು ನೋಡಲಿಲ್ಲ.

ಸಿರಿ ನಾಲ್ಕು ದಿನ ಅದರ ಮೇಲೆ ಅಭ್ಯಾಸ ಮಾಡಿದಳು. ಐದನೆಯ ದಿನ ಭಾನುವಾರ. ಸೌತ್‌ಹಾಲ್‌ನಿಂದ ಮೆಂತ್ಯಸೊಪ್ಪಿನ ಕಟ್ಟು ಹಿಡಿದುಕೊಂಡು ಕಾಕಾ ಬಂದರು. ಗ್ಯಾರೇಜಿನಿಂದ ಸದ್ದು ಕೇಳಿ ಅತ್ತ ಹೋದರು. ನಾನೂ ಹಿಂದೆ ಹೋದೆ. ಸಿರಿ ಬಾರನ್ನು ಭುಜದ ಮೇಲಿಟ್ಟು ನಿಂತಿದ್ದಳು.

"ಸಿರಿ, ಬಾರು ಇಳಸು. ಸಾವಕಾಶ. ಹೊರಗ ಬಾ" ಎಂದರು. ಅವಳು ಬಂದಳು. ಕಾಕಾ ಸ್ಟ್ಯಾಂಡಿನ ಹಸಿರು ಚೀಟಿಯನ್ನು ತಿರುಗಿಸಿ ನೋಡಿ ನನ್ನ ಕಡೆ ತಿರುಗಿದರು.

"ಇದನ್ನ ಎಲ್ಲಿಂದ ತಂದ್ರಿ ಅಕ್ಕಾರ?"

"ನಿಮ್ಮ ಕಂಪನಿಯಿಂದಾನೇ. ಚೆಕ್ ಆಗಿದೆ ಅಂತ ಬರೆದಿತ್ತು. ನೀವೇ ನೋಡಿರ್ತೀರಿ ಅಂದ್ಕೊಂಡೆ."

ಅವರು ಸ್ಟ್ಯಾಂಡಿನ ಹತ್ತಿರ ಬಗ್ಗಿದರು. ತೋಳು ಕಂಬಕ್ಕೆ ಕೂಡುವ ಕಡೆ ಉಗುರು ಎಳೆದರು. ಆಮೇಲೆ ಸಿರಿ ಎತ್ತುವಷ್ಟೇ ಪ್ಲೇಟು ಹೇರಿ, ಬಾರಿನ ಒಂದು ತುದಿಯನ್ನು ಗೇಣುದ್ದ ಎತ್ತಿ ತೋಳಿನ ಮೇಲೆ ಬಿಟ್ಟರು. ಗ್ಯಾರೇಜೇ ನಡುಗಿತು. ಏನೂ ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಸಲ ಬಿಟ್ಟಾಗ ಬೆಸುಗೆ ಬಾಯಿಬಿಟ್ಟು ತೋಳು ಕಳಚಿ, ಬಾರು ಪ್ಲೇಟು ಸಮೇತ ಸಿರಿ ಕೂತು ಏಳುತ್ತಿದ್ದ ಜಾಗಕ್ಕೆ ಬಂದು ಬಿತ್ತು.

ಸಿರಿ ನನ್ನ ತೋಳು ಹಿಡಿದುಕೊಂಡಳು. ಕಾಕಾ ಅಲ್ಲಿಯೇ ರಬ್ಬರ್ ಹಾಸಿನ ಮೇಲೆ ಕೂತು, ಕಳಚಿದ ಕಬ್ಬಿಣದ ತೋಳನ್ನು ತೊಡೆಯ ಮೇಲೆ ಎಳೆದುಕೊಂಡರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದೂ ಅನಿಸಿತು. ಅವರು ಬೈಯಲಿಲ್ಲ. ತಿಂಗಳ ಹಿಂದೆ ಒಂದೇ ನಮೂನೆಯ ಒಂದಷ್ಟು ಸ್ಟ್ಯಾಂಡುಗಳು ವಾಪಸು ಬಂದಿದ್ದವಂತೆ. ಎಲ್ಲದಕ್ಕೂ ಬೆಸುಗೆ ಒಳಗೆ ಇಳಿದಿರಲಿಲ್ಲ, ಮೇಲೆ ಮೇಲೆ ಸವರಿದಂತಿತ್ತು. ಹಸಿರು ಚೀಟಿಗೆ ಸಹಿ ಹಾಕುವುದಿಲ್ಲ ಎಂದು ಕಾಕಾ ಅಲ್ಲಿ ಹೇಳಿದರಂತೆ. ಶಿಫ್ಟಿನ ಮೇಲ್ವಿಚಾರಕ ಜಗಳವಾಡಲಿಲ್ಲ, ಚೀಟಿಗಳನ್ನು ಕಸಿದುಕೊಂಡು ಬೇರೆಯವನಿಂದ ಸಹಿ ಹಾಕಿಸಿದ.

"ನಾ ಸಹಿ ಹಾಕಲಿಲ್ಲ, ನನ್ನ ಕೆಲಸ ಮುಗೀತು ಅಂತ ಮನಿಗೆ ಬಂದು ಉಂಡು ಮಕ್ಕೊಂಡೆ ನೋಡ್ರಿ" ಎಂದರು. "ಯಾರ ಮನಿಗೆ ಹೋಗತಾವು ಅಂತ ವಿಚಾರ ಮಾಡಲಿಲ್ಲ. ಈಗ ಕಣ್ಣಾಗ ಕಂಡೆ."

ಅಂದು ಸಂಜೆ ನಮ್ಮ ಅಡುಗೆಮನೆಯಲ್ಲಿ ಕೂತು ಕಂಪನಿಯ ದೊಡ್ಡ ಆಫೀಸಿಗೆ ಕಾಗದ ಬರೆಸಿದರು. ಅವರು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದೆ. ಉಳಿದ ಸ್ಟ್ಯಾಂಡುಗಳನ್ನು ಕೊಂಡವರಿಗೆಲ್ಲ ತಿಳಿಸಬೇಕು ಎಂಬುದು ಮುಖ್ಯ ಮಾತು. ಅವರಿಗೆ ತೊಂದರೆಯಾಗಬಾರದೆಂದು, ಅವರೊಬ್ಬರೇ ಸಹಿ ನಿರಾಕರಿಸಿದ್ದನ್ನು ನಾನು ಎತ್ತಿ ಬರೆದಿದ್ದೆ. ನನ್ನಿಂದ ಓದಿಸಿ ಅರ್ಥ ಹೇಳಿಸಿಕೊಂಡರು.

"ಅದನ್ನ ಹೊಡದು ಹಾಕ್ರಿ. ನೋಡಿ ಸುಮ್ನಿದ್ದೆ ಅಂತ ಬರೀರಿ."

"ಹಾಗೆ ಬರೆದರೆ ತಪ್ಪು ನಿಮ್ಮ ತಲೆಗೇ ಬರತ್ತೆ."

"ಖರೇನಽ ಐತೆಲ್ರಿ. ಬರೀರಿ."

ಬರೆದೆ. ಹೊರಡುವಾಗ, "ನಮ್ಮಾಕಿಗೆ ಹೇಳಬ್ಯಾಡ್ರಿ. ರಾತ್ರಿ ಡ್ಯೂಟಿ ಮಾಡಿ ಬಂದಿರ್ತಾಳ" ಎಂದರು. ಹ್ಞೂಂ ಎಂದೆ. ಅದು ನಾನು ಮಾಡಿದ ಎರಡನೆಯ ತಪ್ಪು.

ಮರುದಿನ ಮುರಿದ ತೋಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಕಾಗದದ ಜೊತೆ ಆಫೀಸಿನ ಮೇಜಿನ ಮೇಲಿಟ್ಟು ಬಂದರು. ಎರಡು ವಾರಕ್ಕೆ ನನಗೊಂದು ಮೇಲ್ ಬಂತು. ನೀವು ಕೊಂಡ ಸ್ಟ್ಯಾಂಡನ್ನು ದಯವಿಟ್ಟು ಬಳಸಬೇಡಿ, ಬಂದು ಒಯ್ಯುತ್ತೇವೆ, ಹಣ ಮರಳಿಸುತ್ತೇವೆ. ಕೊಂಡ ಎಲ್ಲರಿಗೂ ಹೋಗಿರಬೇಕು. ಕಾಕಾರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ನಾಳೆ ಬನ್ನಿ ಎಂದು ಏಜೆನ್ಸಿಯಿಂದ ದಿನಾ ಬರುತ್ತಿದ್ದ ಮೆಸೇಜು ಬರುವುದು ನಿಂತಿತು, ಅಷ್ಟೇ. ಒಂದು ತಿಂಗಳ ಕಾಲ ಅವರು ಡಬ್ಬಿ ಕಟ್ಟಿಸಿಕೊಂಡು ಹೊರಟು, ಹೇಸ್ ಸ್ಟೇಷನ್ನಿನ ಹತ್ತಿರದ ಕಾಲುವೆಯ ಪಕ್ಕ ಕೂತು, ಹೊತ್ತಾದ ಮೇಲೆ ಮನೆಗೆ ಹೋದರು.

ಅದು ಅವರ ಹೆಂಡತಿಗೆ ಗೊತ್ತಾದದ್ದು ಬೇರೆ ಯಾರಿಂದಲೋ. ಒಂದು ಮಧ್ಯಾಹ್ನ ನರ್ಸಿನ ಉಡುಪಿನಲ್ಲಿಯೇ ಸರ್ಜರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಹಿಂದೆ ಸಾಲಿನಲ್ಲಿ ಜನ.

"ನಿಮಗ ಗೊತ್ತಿತ್ತು" ಎಂದರು. "ನಿಮ್ಮ ಕೈಲೆ ಕಾಗದ ಬರದ್ರಿ. ನಿಮ್ಮ ಮಗಳ ಸಲುವಾಗಿ ನನ್ನ ಗಂಡ ಕೆಲಸ ಕಳಕೊಂಡು ಹಳ್ಳದ ದಂಡಿಗೆ ಕುಂತು ಬುತ್ತಿ ಉಣ್ಣೂದು ನಿಮಗ ಗೊತ್ತಿತ್ತು. ನನಗೊಂದು ಮಾತು ಹೇಳಲಿಲ್ಲ."

ಕಾಲುವೆಯ ವಿಷಯ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಹೇಳಿ ಪ್ರಯೋಜನವಿರಲಿಲ್ಲ. ಕಾಗದ ಬರೆದ ಮಾತು ನಿಜವೇ ಆಗಿತ್ತು. ಅವರು ತಿರುಗಿ ನಡೆದರು. ಆಮೇಲೆ ನಮ್ಮ ಮನೆಗೆ ಬರಲಿಲ್ಲ, ಎದುರಿಗೆ ಸಿಕ್ಕರೆ ತಲೆಯಾಡಿಸಿ ಮುಂದೆ ಹೋಗುವರು.

ಕಾಕಾ ಮಾತ್ರ ಬರುವುದನ್ನು ಬಿಡಲಿಲ್ಲ. ಸೌತ್‌ಹಾಲ್‌ನಲ್ಲಿ ಕಬ್ಬಿಣದ ಗೇಟು, ಗ್ರಿಲ್ಲು ಮಾಡುವ ಒಬ್ಬ ವಯಸ್ಸಾದ ಸರ್ದಾರ್ಜಿಯ ಅಂಗಡಿ ಹುಡುಕಿ, ಒಂದು ಸ್ಟ್ಯಾಂಡು ಮಾಡಿಕೊಳ್ಳಲು ನಿಮ್ಮ ವೆಲ್ಡಿಂಗ್ ಯಂತ್ರ ಕೊಡುತ್ತೀರಾ ಎಂದು ಅರ್ಧ ಹಿಂದಿಯಲ್ಲಿ ಕೇಳಿದರು. ಮೂರು ದಿನದಲ್ಲಿ ಸ್ಟ್ಯಾಂಡು ಸಿದ್ಧವಾಯಿತು. ನೋಡಲು ಟ್ರೇಲರಿನ ಹಾಗೆಯೇ ಇತ್ತು. ನನ್ನ ಮುಂಗೈ ಗಾತ್ರದ ಚೌಕ ಕಂಬಗಳು, ಹೆಬ್ಬೆರಳಿನಷ್ಟು ದಪ್ಪದ ಬೋಲ್ಟು, ಮೇಲೆ ಕೆಮ್ಮಣ್ಣು ಬಣ್ಣ. ತೋಳನ್ನು ಬೇಕಾದ ಎತ್ತರಕ್ಕೆ ಸರಿಸಬಹುದು, ತಿರುಗಿಸಿ ಬೆಂಚಿನ ಜೊತೆ ಬಳಸಬಹುದು, ಮೇಲಿನ ಅಡ್ಡಪಟ್ಟಿಗೆ ಜೋತುಬಿದ್ದು ಮೈ ಎತ್ತಬಹುದು. ಸಿರಿ ಮುಟ್ಟುವ ಮೊದಲು ಅದರ ಮೇಲೆ ಅವಳು ಎತ್ತುವ ಭಾರದ ದುಪ್ಪಟ್ಟನ್ನು ಎತ್ತಿ ಎತ್ತಿ ಬಿಟ್ಟು ನೋಡಿದರು. ಕೆಲಸ ನೋಡಿದ ಸರ್ದಾರ್ಜಿ ಕಾಕಾರಿಗೆ ವಾರಕ್ಕೆ ಎರಡು ದಿನ ಕೆಲಸಕ್ಕೆ ಬಾ ಎಂದರು, ಆಮೇಲೆ ದಿನಾ ಬಾ ಎಂದರು.

ಸ್ಪರ್ಧೆಗೆ ಕಾಕಾ ಹೊಸ ಶರ್ಟು ಹಾಕಿಕೊಂಡು ನಮ್ಮ ಜೊತೆ ಬಂದರು. ಸಿರಿ ಕೊನೆಯ ಎತ್ತುವಿಕೆಯಲ್ಲಿ ಬಾರನ್ನು ಎದೆಯವರೆಗೆ ತಂದು ತಲೆಯ ಮೇಲೆ ನಿಲ್ಲಿಸಲಾರದೆ ಬಿಟ್ಟಳು. ನಾಲ್ಕನೆಯ ಸ್ಥಾನ. ಬಾತ್‌ರೂಮಿನಲ್ಲಿ ಅತ್ತು ಹೊರಬಂದವಳಿಗೆ ನಾನೂ ಅವಳಪ್ಪನೂ ಏನೇನೋ ಸಮಾಧಾನ ಹೇಳಿದೆವು. ಕಾಕಾ ಬಾಳೆಹಣ್ಣು ಸುಲಿದು ಕೊಟ್ಟು, "ಬಾರು ಬಿಡೂವಾಗ ಛಲೋ ಬಿಟ್ಟಿ. ಮೈಮ್ಯಾಲೆ ಹಾಕ್ಕೊಳ್ಳಲಿಲ್ಲ. ಅದನ್ನೂ ಕಲೀಬೇಕಾಗತೈತಿ" ಎಂದರು. ಅವಳು ಹಣ್ಣು ತಿಂದಳು. ಗ್ಯಾರೇಜಿಗೆ ವಾರವಾರವೂ ಬರುತ್ತಿದ್ದ ಕೋಚ್, ಹಾಲ್ ಮತ್ತೆ ತೆರೆದಾಗ ಅಂಥದೇ ಸ್ಟ್ಯಾಂಡುಗಳನ್ನು ಕ್ಲಬ್ಬಿಗೆ ಮಾಡಿಸಿದರು. ಅವರಿಂದ ಇನ್ನೊಂದು ಕ್ಲಬ್ಬು, ಅಲ್ಲಿಂದ ಮತ್ತೊಂದು. ಸಾಯುವ ಹಿಂದಿನ ವಾರವೂ ಕಾಕಾ ಒಂದು ಕ್ಲಬ್ಬಿನ ಹಳೆಯ ಬೆಂಚುಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದರಂತೆ.

ಬೆಳಿಗ್ಗೆ ಅಂಗಡಿಗೆ ಹೊರಡಲು ಬೂಟು ಹಾಕಿಕೊಳ್ಳುವಾಗ ಎದೆನೋವು ಬಂತು. ಹೆಂಡತಿ ಪಕ್ಕದಲ್ಲಿಯೇ ಇದ್ದರು, ತಮಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು.

ಚಿತಾಗಾರದ ಅಂಗಳದಲ್ಲಿ ಗಾಡಿಯಿಂದ ಶವಪೆಟ್ಟಿಗೆ ಇಳಿಸುವ ಹೊತ್ತಿಗೆ ಅಲ್ಲಿಯವರು ಹೆಗಲು ಕೊಡಲು ಆರು ಜನರನ್ನು ಕೇಳಿದರು. ಅವರ ಒಬ್ಬಳೇ ಮಗಳು ಧಾರವಾಡದಲ್ಲಿ, ವೀಸಾ ಆಗಿರಲಿಲ್ಲ. ಗೇಟಿನ ಅಂಗಡಿಯಿಂದ ಸರ್ದಾರ್ಜಿಯೂ ಸೇರಿ ಮೂರು ಜನ, ಸಿರಿಯ ಕೋಚ್, ನನ್ನ ಗಂಡ ಮುಂದೆ ಬಂದರು. ಆರನೆಯದಾಗಿ ಸಿರಿ ಹೋಗಿ ನಿಂತಳು. ಈಗ ಅವಳು ಇಪ್ಪತ್ತರ ಹುಡುಗಿ. ನಮ್ಮವರೇ ಒಬ್ಬ ಹಿರಿಯರು, "ಹೆಣ್ಣುಮಕ್ಕಳು ಹೆಗಲು ಕೊಡೋದು ಪದ್ಧತಿ ಅಲ್ಲಮ್ಮ" ಎಂದರು. ಚಿತಾಗಾರದ ಕೆಲಸದವನೊಬ್ಬ, ಇವಳು ಗಿಡ್ಡ, ಹೆಗಲುಗಳು ಸಮವಾಗುವುದಿಲ್ಲ ಎಂದ. ಸಿರಿ ಜಾಗ ಬಿಟ್ಟು ಕದಲಲಿಲ್ಲ. ಅವಳನ್ನು ಈಚೆಗೆ ಕರೆಯಲು ನಾನು ಒಂದು ಹೆಜ್ಜೆ ಇಟ್ಟೆ.

"ಇರಲಿ ಬಿಡ್ರಿ" ಎಂದರು ಕಾಕಾರ ಹೆಂಡತಿ, ಬಿಳಿ ಶಾಲಿನೊಳಗಿಂದ. "ಎತ್ತಲಿ. ಇಲ್ಲಿ ಇದ್ದಾವ್ರೊಳಗ ನೆಟ್ಟಗ ಎತ್ತಾಕ ಬರೂದು ಅಕಿಗೊಬ್ಬಾಕಿಗೇ."

ಅಲ್ಲಿಯವನು ಅವಳನ್ನು ಮುಂದಿನ ಮೂಲೆಗೆ, ಕುಳ್ಳಗಿದ್ದ ಸರ್ದಾರ್ಜಿಯ ಜೊತೆಗೆ ನಿಲ್ಲಿಸಿ, ಒಂದು, ಎರಡು, ಮೂರು ಎಂದು ಎಣಿಸಿದ. ಉಳಿದವರು ಸೊಂಟ ಬಗ್ಗಿಸಿದರು. ಸಿರಿ ಬೆನ್ನನ್ನು ನೇರ ಇಟ್ಟು ಮೊಣಕಾಲು ಮಡಿಸಿ ಕೂತು ಎದ್ದಳು. ಪೆಟ್ಟಿಗೆ ಮೇಲೆ ಹೋಯಿತು, ಎಲ್ಲಿಯೂ ವಾಲಲಿಲ್ಲ. ಅವರು ನಿಧಾನವಾಗಿ ಒಳಗೆ ನಡೆದರು. ಕಾಕಾರ ಹೆಂಡತಿ ನನ್ನ ಪಕ್ಕಕ್ಕೆ ಬಂದು, ನನ್ನ ಮುಖ ನೋಡದೆ, ಮೊಣಕೈ ಹಿಡಿದುಕೊಂಡರು. ನಾವಿಬ್ಬರೂ ಹಿಂದೆ ಹೋದೆವು.